ಅಮೆರಿಕದ ಕಾಲೇಜು ಪ್ರವೇಶ: ಒಂಬತ್ತನೆಯ ತರಗತಿಯಿಂದ ಮೇ 1ರವರೆಗೆ, ಹಂತಹಂತವಾಗಿ

ಅಮೆರಿಕದಲ್ಲಿ ಮಕ್ಕಳನ್ನು ಹೈಸ್ಕೂಲಿಗೆ ಕಳಿಸುತ್ತಿರುವ ಕನ್ನಡ ತಂದೆತಾಯಿಯರಲ್ಲಿ ಹೆಚ್ಚಿನವರು ಪಿಯುಸಿ ಅಂಕ, ಸಿಇಟಿ ರ್‍ಯಾಂಕು, ಸೀಟು ಹಂಚಿಕೆ ಎಂಬ ಕ್ರಮದಲ್ಲಿ ಕಾಲೇಜು ಸೇರಿದವರು. ಅಲ್ಲಿ ಒಂದು ಪಟ್ಟಿ ಇತ್ತು, ಅದರಲ್ಲಿ ನಮ್ಮ ಸ್ಥಾನ ಎಷ್ಟನೆಯದೆಂದು ಗೊತ್ತಿತ್ತು, ಆ ಸ್ಥಾನಕ್ಕೆ ಯಾವ ಕಾಲೇಜು ಸಿಗಬಹುದೆಂಬ ಅಂದಾಜೂ ಇತ್ತು. ಅಮೆರಿಕದ ಪದವಿ ಪ್ರವೇಶದಲ್ಲಿ ಅಂಥ ಒಂದೇ ಸಾಲು ಇಲ್ಲ. ಒಂದೇ ಶಾಲೆಯಲ್ಲಿ ಹೆಚ್ಚುಕಡಿಮೆ ಒಂದೇ ಅಂಕ ಪಡೆದ ಇಬ್ಬರಲ್ಲಿ ಒಂದು ಕಾಲೇಜು ಮೊದಲನೆಯವರನ್ನು ಕರೆಯುತ್ತದೆ, ಇನ್ನೊಂದು ಎರಡನೆಯವರನ್ನು ಕರೆಯುತ್ತದೆ, ಕಾರಣವನ್ನು ಯಾರೂ ಬರೆದು ತಿಳಿಸುವುದಿಲ್ಲ. ಇದನ್ನು ಅರ್ಥಮಾಡಿಕೊಳ್ಳದೆ ಹೊರಟವರು ಮಗುವಿನ ನಾಲ್ಕು ವರ್ಷಗಳನ್ನು ಇನ್ನೊಂದು ಪ್ರಮಾಣಪತ್ರ, ಇನ್ನೊಂದು ಕ್ಲಬ್ಬು ಎಂದು ಪೇರಿಸುವುದರಲ್ಲೇ ಕಳೆದುಬಿಡುತ್ತಾರೆ.

ಹಲವು ಕುಟುಂಬಗಳ ಜೊತೆ ಕುಳಿತು ಅರ್ಜಿಗಳನ್ನು ನೋಡಿದ ಮೇಲೆ ನನಗೆ ದೃಢವಾಗಿರುವ ಅಭಿಪ್ರಾಯ ಒಂದಿದೆ. ಕಾಲೇಜಿನ ತೀರ್ಮಾನ ನಮ್ಮ ಕೈಯಲ್ಲಿಲ್ಲ, ಆದರೆ ಯಾವ ಯಾವ ಕಾಲೇಜುಗಳಿಗೆ ಅರ್ಜಿ ಹಾಕಬೇಕೆಂಬ ಪಟ್ಟಿ ಸಂಪೂರ್ಣ ನಮ್ಮ ಕೈಯಲ್ಲಿದೆ. ಪಟ್ಟಿ ಸರಿಯಿದ್ದರೆ ನಿರಾಕರಣೆಗಳು ಬಂದರೂ ಮಗುವಿಗೆ ಒಪ್ಪುವ, ಮನೆಗೆ ನಿಭಾಯಿಸಲಾಗುವ ಒಂದು ಜಾಗ ಉಳಿದೇ ಇರುತ್ತದೆ. ಪಟ್ಟಿ ತಪ್ಪಿದ್ದರೆ ಅತ್ಯುತ್ತಮ ವಿದ್ಯಾರ್ಥಿಯೂ ಏಪ್ರಿಲ್‌ನಲ್ಲಿ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ಆದ್ದರಿಂದ ಕೆಳಗಿನ ಹಂತಗಳೆಲ್ಲ ಆ ಪಟ್ಟಿಯ ಕಡೆಗೆ ಹೋಗುತ್ತವೆ, ಅಲ್ಲಿಂದಲೇ ಮುಂದೆ ಸಾಗುತ್ತವೆ.

ಮೊದಲ ಹಂತ: ಮನೆಯೊಳಗೆ ಹಣದ ಮಾತು

ಈ ಮಾತು ಹತ್ತನೆಯ ತರಗತಿ ಮುಗಿಯುವುದರೊಳಗೆ ಆಗಬೇಕು. ನಮ್ಮ ಮನೆಗಳಲ್ಲಿ ಮಕ್ಕಳೆದುರು ಸಂಬಳ, ಸಾಲ, ಉಳಿತಾಯದ ವಿಷಯ ಎತ್ತುವ ರೂಢಿ ಕಡಿಮೆ. "ನೀನು ಚೆನ್ನಾಗಿ ಓದು, ದುಡ್ಡಿನ ಚಿಂತೆ ನಮಗಿರಲಿ" ಎಂದು ಹೇಳುವುದು ಪ್ರೀತಿಯಿಂದಲೇ. ಆದರೆ ಆ ಮಾತನ್ನು ನಂಬಿ ಹನ್ನೆರಡನೆಯ ತರಗತಿಯ ಏಪ್ರಿಲ್‌ವರೆಗೆ ಒಂದು ಕಾಲೇಜಿನ ಕನಸು ಕಟ್ಟಿಕೊಂಡ ಮಗುವಿಗೆ, ಪ್ರವೇಶ ಸಿಕ್ಕ ಮೇಲೆ "ಅಷ್ಟು ಕೊಡಲಾಗುವುದಿಲ್ಲ" ಎಂದು ಹೇಳಬೇಕಾಗಿ ಬರುವುದು ಈ ಪ್ರಕ್ರಿಯೆಯಲ್ಲೇ ಅತ್ಯಂತ ನೋವಿನ ಗಳಿಗೆ. ಹಲವು ಹೆಸರಾಂತ ಖಾಸಗಿ ಕಾಲೇಜುಗಳ ಒಂದು ವರ್ಷದ ಒಟ್ಟು ವೆಚ್ಚ 80,000 ಡಾಲರ್ ದಾಟಿದೆ. ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿ, ಚಿಕ್ಕ ಮಗುವಿನ ಓದನ್ನೂ ಊರಲ್ಲಿರುವ ಹಿರಿಯರ ಆರೈಕೆಯನ್ನೂ ಆ ಲೆಕ್ಕದೊಳಗೆ ಸೇರಿಸಿ, "ವರ್ಷಕ್ಕೆ ನಾವು ಇಷ್ಟು ಕೊಡಬಲ್ಲೆವು" ಎಂಬ ಒಂದು ಅಂಕಿಯನ್ನು ಮಗುವಿಗೆ ಸ್ಪಷ್ಟವಾಗಿ ತಿಳಿಸಿ.

ಆ ಅಂಕಿ ಸಿದ್ಧವಾದ ಮೇಲೆ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ತೆರೆಯಿರಿ. ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ನೆರವು ಪಡೆಯುವ ಪ್ರತಿಯೊಂದು ಕಾಲೇಜೂ ಇದನ್ನು ತನ್ನ ಜಾಲತಾಣದಲ್ಲಿ ಇಡಬೇಕೆಂಬುದು 2011ರಿಂದ ಕಾನೂನು. ಆದಾಯ ಮತ್ತು ಆಸ್ತಿಯ ವಿವರ ತುಂಬಿದರೆ ನಿಮ್ಮಂಥ ಕುಟುಂಬಕ್ಕೆ ಬೀಳಬಹುದಾದ ನಿಜವಾದ ಖರ್ಚಿನ ಅಂದಾಜು ಸಿಗುತ್ತದೆ. ಇಲ್ಲಿ ಎರಡು ಬಗೆಯ ನೆರವನ್ನು ಬೇರ್ಪಡಿಸಿ ನೋಡಬೇಕು. ಕುಟುಂಬದ ಅಗತ್ಯ ನೋಡಿ ಕೊಡುವುದು ಒಂದು, ವಿದ್ಯಾರ್ಥಿಯ ಸಾಧನೆ ನೋಡಿ ಕೊಡುವ ಮೆರಿಟ್ ನೆರವು ಇನ್ನೊಂದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದಂತೆ ಐವಿ ಲೀಗ್ ಎಂಬ ಹೆಸರಾಂತ ಗುಂಪಿನ ಎಂಟು ಕಾಲೇಜುಗಳಲ್ಲಿ ಮೆರಿಟ್ ವಿದ್ಯಾರ್ಥಿವೇತನವೇ ಇಲ್ಲ, ಅಲ್ಲಿ ಸಿಗುವುದು ಅಗತ್ಯ ಆಧಾರಿತ ನೆರವು ಮಾತ್ರ. ಇಬ್ಬರೂ ದುಡಿಯುವ, ಸಾಫ್ಟ್‌ವೇರ್ ಸಂಬಳದ ಮನೆಗೆ ಅಗತ್ಯ ಆಧಾರಿತ ನೆರವು ಬಹುಶಃ ಕಡಿಮೆ ಸಿಗುತ್ತದೆ ಅಥವಾ ಸಿಗುವುದೇ ಇಲ್ಲ. ಅಂಥವರು ಖರ್ಚು ಇಳಿಸಬೇಕಾದರೆ ಮೆರಿಟ್ ನೆರವು ಕೊಡುವ ಕಡೆಗೆ ನೋಡಬೇಕು. ಅಲಬಾಮಾ ವಿಶ್ವವಿದ್ಯಾಲಯದಂಥ ಕೆಲವು ಸಂಸ್ಥೆಗಳು ಜಿಪಿಎ (ಹೈಸ್ಕೂಲಿನ ಅಂಕಗಳ ಸರಾಸರಿ) ಮತ್ತು ಪರೀಕ್ಷೆಯ ಅಂಕದ ಮೇಲೆ ಹೊರರಾಜ್ಯದವರಿಗೂ ತಾವಾಗಿಯೇ ವಿದ್ಯಾರ್ಥಿವೇತನ ನಿಗದಿಪಡಿಸುತ್ತವೆ. ಪಶ್ಚಿಮದ ರಾಜ್ಯಗಳ ವೆಸ್ಟರ್ನ್ ಅಂಡರ್‌ಗ್ರ್ಯಾಜುಯೇಟ್ ಎಕ್ಸ್‌ಚೇಂಜ್ ಯೋಜನೆಯಲ್ಲಿ ಪಾಲ್ಗೊಂಡ ಸಂಸ್ಥೆಗಳು ನೆರೆರಾಜ್ಯದ ವಿದ್ಯಾರ್ಥಿಯಿಂದ ಸ್ಥಳೀಯ ಬೋಧನಾಶುಲ್ಕದ ಶೇ 150ಕ್ಕಿಂತ ಹೆಚ್ಚು ಕೇಳುವುದಿಲ್ಲ. ಫ್ಲಾರಿಡಾದ ಬ್ರೈಟ್ ಫ್ಯೂಚರ್ಸ್, ಜಾರ್ಜಿಯಾದ ಹೋಪ್ ಮತ್ತು ಝೆಲ್ ಮಿಲ್ಲರ್ ಯೋಜನೆಗಳು ಆಯಾ ರಾಜ್ಯದ ಒಳ್ಳೆಯ ವಿದ್ಯಾರ್ಥಿಗಳಿಗೆ ದೊಡ್ಡ ಆಸರೆ.

ವಲಸೆ ಸ್ಥಿತಿಯ ಮಾತನ್ನೂ ಇದೇ ಹಂತದಲ್ಲಿ ಮುಗಿಸಬೇಕು, ಏಕೆಂದರೆ ನಮ್ಮವರಲ್ಲಿ ಅನೇಕರ ಗ್ರೀನ್ ಕಾರ್ಡ್ ಇನ್ನೂ ಸರದಿಯಲ್ಲಿದೆ. ಎಚ್-4 ವೀಸಾದಲ್ಲಿರುವ (ಎಚ್-1ಬಿ ಉದ್ಯೋಗ ವೀಸಾದವರ ಅವಲಂಬಿತ) ಮಗುವಿಗೆ ಫೆಡರಲ್ ನೆರವು ಸಿಗುವುದಿಲ್ಲ. ಇಲ್ಲಿಯೇ ಒಂದನೆಯ ತರಗತಿಯಿಂದ ಓದಿದ್ದರೂ ಹಲವು ಖಾಸಗಿ ಕಾಲೇಜುಗಳು ನೆರವಿನ ವಿಷಯದಲ್ಲಿ ಆ ಮಗುವನ್ನು ಅಂತರರಾಷ್ಟ್ರೀಯ ಅರ್ಜಿದಾರರ ಗುಂಪಿಗೇ ಸೇರಿಸುತ್ತವೆ. ನೆರವು ಕೇಳಿದ್ದನ್ನು ಲೆಕ್ಕಿಸದೆ ಎಲ್ಲ ದೇಶದವರನ್ನೂ ಒಂದೇ ರೀತಿ ಪರಿಶೀಲಿಸುವ ಕಾಲೇಜುಗಳು ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್ ಅವುಗಳಲ್ಲಿ ಸೇರಿವೆ. ಎಚ್-4 ಮಕ್ಕಳಿಗೆ ಸ್ಥಳೀಯ ಶುಲ್ಕ ಸಿಗುತ್ತದೆಯೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುವ ವಿಷಯ, ಆಯಾ ವಿಶ್ವವಿದ್ಯಾಲಯದ ನಿವಾಸ ನಿರ್ಣಯ ಕಚೇರಿಗೆ ಲಿಖಿತವಾಗಿ ಕೇಳಿ ಉತ್ತರವನ್ನು ಕಾಪಾಡಿಕೊಳ್ಳಿ. 21 ವರ್ಷ ತುಂಬಿದಾಗ ಮಗು ಅವಲಂಬಿತ ಸ್ಥಿತಿಯಿಂದ ಹೊರಬೀಳುತ್ತದೆ. ಅದು ಸಾಮಾನ್ಯವಾಗಿ ಪದವಿಯ ನಡುವೆಯೇ ಬರುವುದರಿಂದ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಯಿಸುವ ಯೋಜನೆ ಮೊದಲೇ ಇರಬೇಕು. ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು: ಮಗು ಅಮೆರಿಕದ ಪ್ರಜೆಯಾಗಿದ್ದರೆ ತಂದೆತಾಯಿ ಎಚ್-1ಬಿಯಲ್ಲಿದ್ದರೂ ಫೆಡರಲ್ ನೆರವಿಗೆ ಅರ್ಜಿ ಹಾಕಬಹುದು. "ನಮ್ಮ ವೀಸಾದಿಂದಾಗಿ ಅವಳಿಗೂ ಸಿಗುವುದಿಲ್ಲ" ಎಂದುಕೊಂಡು ಅರ್ಜಿಯನ್ನೇ ಹಾಕದೆ ಉಳಿದವರನ್ನು ಕಂಡಿದ್ದೇನೆ, ಅದು ತಪ್ಪು ತಿಳಿವಳಿಕೆ.

ಎರಡನೆಯ ಹಂತ: ತರಗತಿಗಳ ಆಯ್ಕೆ ಮತ್ತು ಬಿಡುವಿನ ಸಮಯ

ಅರ್ಜಿಯಲ್ಲಿ ಅತಿ ಹೆಚ್ಚು ತೂಕವಿರುವುದು ಹೈಸ್ಕೂಲಿನ ತರಗತಿ ಮತ್ತು ಅಂಕಗಳ ದಾಖಲೆಯಾದ ಟ್ರಾನ್ಸ್‌ಕ್ರಿಪ್ಟ್‌ಗೆ. ಅಂಕ ಎಷ್ಟು ಎಂಬುದರ ಜೊತೆಗೆ, ನಿಮ್ಮ ಶಾಲೆಯಲ್ಲಿ ಲಭ್ಯವಿದ್ದ ಕಠಿಣ ತರಗತಿಗಳಲ್ಲಿ ಎಷ್ಟನ್ನು ಆರಿಸಿಕೊಂಡಿರಿ ಎಂಬುದನ್ನು ಓದುವವರು ಗಮನಿಸುತ್ತಾರೆ. ಪ್ರತಿ ಶಾಲೆಯೂ ತನ್ನಲ್ಲಿ ಏನೇನು ಕಲಿಸಲಾಗುತ್ತದೆ ಎಂಬ ವಿವರಪತ್ರವನ್ನು ಅರ್ಜಿಯ ಜೊತೆ ಕಳಿಸುವುದರಿಂದ, ಎಪಿ (ಕಾಲೇಜು ಮಟ್ಟದ ಪಠ್ಯ ಕಲಿಸುವ) ತರಗತಿಗಳೇ ಇಲ್ಲದ ಶಾಲೆಯ ಮಗುವಿಗೆ ಅದರಿಂದ ನಷ್ಟವಾಗುವುದಿಲ್ಲ. ಗಣಿತದ ಸರಣಿಯನ್ನು ಮಾತ್ರ ಒಂಬತ್ತನೆಯ ತರಗತಿಯಲ್ಲೇ ನೋಡಿಕೊಳ್ಳಿ. ಎಂಜಿನಿಯರಿಂಗ್ ಕಡೆಗೆ ಹೋಗಬಯಸುವವರು ಹನ್ನೆರಡರೊಳಗೆ ಕ್ಯಾಲ್ಕ್ಯುಲಸ್ ಮುಟ್ಟುವಂತೆ ದಾರಿ ಇರಬೇಕು, ಮತ್ತು ಆ ದಾರಿ ಮಾಧ್ಯಮಿಕ ಶಾಲೆಯಲ್ಲೇ ಅರ್ಧ ನಿರ್ಧಾರವಾಗಿರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತನ್ನ ಜಿಪಿಎ ಲೆಕ್ಕಕ್ಕೆ ಒಂಬತ್ತನೆಯ ತರಗತಿಯ ಅಂಕಗಳನ್ನು ಸೇರಿಸುವುದಿಲ್ಲ. ಹತ್ತು ಮತ್ತು ಹನ್ನೊಂದನೆಯ ತರಗತಿಗಳದೇ ಮುಖ್ಯ. ಮೊದಲ ವರ್ಷ ಎಡವಿದ ಮಗುವಿಗೆ ಇದನ್ನು ತಿಳಿಸಿದರೆ ಧೈರ್ಯ ಬರುತ್ತದೆ.

ಎಷ್ಟು ಎಪಿ ತೆಗೆದುಕೊಳ್ಳಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಯಾವಾಗಲೂ ಒಂದೇ: ರಾತ್ರಿ ಏಳೆಂಟು ಗಂಟೆ ನಿದ್ದೆ ಉಳಿಯುವಷ್ಟು. ನಿದ್ದೆಗೆಟ್ಟು ಪಡೆದ ಆರನೆಯ ಎಪಿಯಿಂದ ಅರ್ಜಿಗೆ ಸಿಗುವ ಲಾಭ ಸಣ್ಣದು, ಮಗುವಿಗಾಗುವ ಹಾನಿ ದೊಡ್ಡದು.

ಶಾಲೆಯಾಚೆಯ ಚಟುವಟಿಕೆಗಳ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಒಂದು ಅನುಕರಣೆ ಹಬ್ಬಿದೆ. ಪಕ್ಕದ ಮನೆಯ ಹುಡುಗ ರೊಬೋಟಿಕ್ಸ್ ಸೇರಿದ, ಇವನೂ ಸೇರಲಿ. ಅವರ ಮಗಳು ಲಾಭರಹಿತ ಸಂಸ್ಥೆ ಕಟ್ಟಿದಳು, ಇವಳೂ ಕಟ್ಟಲಿ. ಒಂದು ವರ್ಷ ನಡೆದು ಮುಚ್ಚುವ ಅಂಥ ಸಂಸ್ಥೆಗಳನ್ನು ಪ್ರವೇಶ ಅಧಿಕಾರಿಗಳು ಸಾವಿರಗಟ್ಟಲೆ ನೋಡಿರುತ್ತಾರೆ. ಮಗುವಿಗೆ ನಿಜವಾಗಿ ಇಷ್ಟವಿರುವ ಒಂದೆರಡು ಕೆಲಸಗಳಲ್ಲಿ ಮೂರು ನಾಲ್ಕು ವರ್ಷ ತೊಡಗಿರುವುದು, ಅದರಲ್ಲಿ ಜವಾಬ್ದಾರಿ ಬೆಳೆಯುತ್ತಾ ಹೋಗಿರುವುದು ಅದಕ್ಕಿಂತ ಹೆಚ್ಚು ಮಾತಾಡುತ್ತದೆ. ಹತ್ತು ವರ್ಷ ಅಭ್ಯಾಸ ಮಾಡಿ ಭರತನಾಟ್ಯದ ರಂಗಪ್ರವೇಶ ಮಾಡಿದ ಹುಡುಗಿಯ ಸಾಧನೆ ದೊಡ್ಡದೇ. ಆದರೆ ಅರ್ಜಿಯಲ್ಲಿ ರಂಗಪ್ರವೇಶ ಎಂಬ ಪದ ಓದುಗನಿಗೆ ಏನನ್ನೂ ಹೇಳುವುದಿಲ್ಲ, ಎರಡು ಗಂಟೆಗಳ ಏಕವ್ಯಕ್ತಿ ಪ್ರದರ್ಶನ, ವಾರಕ್ಕೆ ಇಷ್ಟು ಗಂಟೆಗಳ ಅಭ್ಯಾಸ, ಈಗ ಕಿರಿಯರಿಗೆ ಕಲಿಸುತ್ತಿರುವುದು ಎಂದು ಬಿಡಿಸಿ ಹೇಳಬೇಕು. ವಾರಾಂತ್ಯದ ಕನ್ನಡ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಅಕ್ಷರ ತಿದ್ದಿಸುವುದು, ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುವುದು, ಅಂಗಡಿಯಲ್ಲಿ ಸಂಬಳಕ್ಕೆ ದುಡಿಯುವುದು, ಇವೆಲ್ಲವೂ ಅರ್ಜಿಯಲ್ಲಿ ಬರೆಯಲು ಅರ್ಹವಾದ ಚಟುವಟಿಕೆಗಳೇ. ಇವುಗಳನ್ನು ಲೆಕ್ಕಕ್ಕಿಲ್ಲವೆಂದು ಬಿಟ್ಟುಬಿಡುವ ಮಕ್ಕಳೇ ಹೆಚ್ಚು.

ಮೂರನೆಯ ಹಂತ: ಎಸ್‌ಎಟಿ, ಎಸಿಟಿ

ಎಸ್‌ಎಟಿ, ಎಸಿಟಿ ಎರಡೂ ಕಾಲೇಜು ಪ್ರವೇಶಕ್ಕೆ ಅಂಕ ಕಳಿಸಲು ಬರೆಯುವ ಪರೀಕ್ಷೆಗಳು. 2024ರ ಮಾರ್ಚ್‌ನಿಂದ ಅಮೆರಿಕದಲ್ಲೂ ಎಸ್‌ಎಟಿ ಪೂರ್ತಿ ಡಿಜಿಟಲ್ ಆಗಿದೆ. 2 ಗಂಟೆ 14 ನಿಮಿಷದ ಪರೀಕ್ಷೆ, ಒಟ್ಟು 1600 ಅಂಕ, ಮೊದಲ ಭಾಗದಲ್ಲಿ ಹೇಗೆ ಮಾಡಿದಿರಿ ಎಂಬುದರ ಮೇಲೆ ಎರಡನೆಯ ಭಾಗದ ಕಠಿಣತೆ ಬದಲಾಗುತ್ತದೆ. ಎಸಿಟಿಯ ಅಂಕ 36ರವರೆಗೆ, ಅದರ ವಿಜ್ಞಾನ ವಿಭಾಗ ಈಗ ಐಚ್ಛಿಕ. ಎರಡರಲ್ಲೂ ಒಂದೊಂದು ಅಭ್ಯಾಸ ಪರೀಕ್ಷೆ ಬರೆದು ಸುಲಭವಾಗಿ ಒಗ್ಗಿದ್ದನ್ನು ಹಿಡಿದುಕೊಳ್ಳಿ, ಎರಡಕ್ಕೂ ಓಡಬೇಡಿ. ಹನ್ನೊಂದನೆಯ ತರಗತಿಯ ಅಕ್ಟೋಬರ್‌ನಲ್ಲಿ ಬರೆಯುವ ಪಿಎಸ್‌ಎಟಿ ಎಂಬ ಪೂರ್ವಪರೀಕ್ಷೆ ನ್ಯಾಷನಲ್ ಮೆರಿಟ್ ಎಂಬ ವಿದ್ಯಾರ್ಥಿವೇತನದ ಸ್ಪರ್ಧೆಗೂ ಬಾಗಿಲು.

ಕೋವಿಡ್ ಕಾಲದಲ್ಲಿ ಐಚ್ಛಿಕವಾಗಿದ್ದ ಅಂಕಗಳನ್ನು ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯಗೊಳಿಸಿತು. ಡಾರ್ಟ್‌ಮತ್, ಹಾರ್ವರ್ಡ್, ಬ್ರೌನ್, ಕ್ಯಾಲ್‌ಟೆಕ್ ಆಮೇಲೆ ಅದೇ ದಾರಿ ಹಿಡಿದವು. ಇತ್ತ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅಂಕ ಕಳಿಸಿದರೂ ಪ್ರವೇಶಕ್ಕೆ ಅದನ್ನು ನೋಡುವುದೇ ಇಲ್ಲ. ಐಚ್ಛಿಕವಿರುವ ಕಡೆ ಕಳಿಸಬೇಕೇ ಎಂದರೆ, ಆ ಕಾಲೇಜಿಗೆ ಸೇರಿದವರ ಅಂಕಗಳ ಮಧ್ಯದ ಅರ್ಧದೊಳಗೆ ನಿಮ್ಮ ಅಂಕ ಬರುವುದಾದರೆ ಕಳಿಸಿ. ಎರಡು, ಹೆಚ್ಚೆಂದರೆ ಮೂರು ಸಲ ಬರೆದರೆ ಸಾಕು.

ನಾಲ್ಕನೆಯ ಹಂತ: ಪಟ್ಟಿ ಕಟ್ಟುವುದು

ಹನ್ನೊಂದನೆಯ ತರಗತಿಯ ಜನವರಿಯಿಂದ ಬೇಸಿಗೆಯವರೆಗಿನ ಕೆಲಸ ಇದು. ಸಾಮಾನ್ಯವಾಗಿ ನಮ್ಮವರು ಪತ್ರಿಕೆಯ ರ್‍ಯಾಂಕಿಂಗ್ ತೆರೆದು ಮೇಲಿನಿಂದ ಇಪ್ಪತ್ತು ಹೆಸರು ಬರೆದುಕೊಂಡು, ಕೊನೆಯಲ್ಲಿ ಮನಸ್ಸಿಲ್ಲದ ಮನಸ್ಸಿನಿಂದ ರಾಜ್ಯದ ವಿಶ್ವವಿದ್ಯಾಲಯವನ್ನು ಸೇರಿಸುತ್ತಾರೆ. ನಾನು ಇದನ್ನು ತಲೆಕೆಳಗು ಮಾಡಲು ಹೇಳುತ್ತೇನೆ. ಪಟ್ಟಿಯನ್ನು ಬುಡದಿಂದ ಕಟ್ಟಿ. ಮೊದಲು ಎರಡು ಖಚಿತ ಕಾಲೇಜುಗಳನ್ನು ಹುಡುಕಿ, ಅವುಗಳಿಗೆ ನಾಲ್ಕು ಪರೀಕ್ಷೆಗಳಿರಲಿ: ಪ್ರವೇಶ ಹೆಚ್ಚುಕಡಿಮೆ ನಿಶ್ಚಿತವಾಗಿರಬೇಕು, ಬೇಕಾದ ವಿಭಾಗದಲ್ಲಿ ಪ್ರವೇಶ ನಿಶ್ಚಿತವಾಗಿರಬೇಕು, ಖರ್ಚು ನಿಮ್ಮ ಅಂಕಿಯೊಳಗಿರಬೇಕು, ಮತ್ತು ಅಲ್ಲಿಗೆ ಹೋಗಲು ಮಗುವಿಗೆ ಸಂತೋಷವಿರಬೇಕು. ನಾಲ್ಕನೆಯದನ್ನು ಬಿಟ್ಟರೆ ಉಳಿದ ಮೂರೂ ವ್ಯರ್ಥ.

ಎರಡನೆಯ ಪರೀಕ್ಷೆಯಲ್ಲಿ ಬಹಳ ಮಂದಿ ಮೋಸ ಹೋಗುತ್ತಾರೆ. ಟೆಕ್ಸಸ್‌ನಲ್ಲಿ 1997ರ ಕಾನೂನಿನ ಪ್ರಕಾರ ತಮ್ಮ ಹೈಸ್ಕೂಲಿನಲ್ಲಿ ಮೇಲಿನ ಶೇ 10ರೊಳಗಿರುವವರಿಗೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ತಾನಾಗಿಯೇ ಪ್ರವೇಶವಿದೆ. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಮಾತ್ರ ಆ ಮಿತಿ ಇನ್ನೂ ಬಿಗಿ, 2026ರ ಪ್ರವೇಶಕ್ಕೆ ಅದು ಶೇ 5ಕ್ಕೆ ಇಳಿದಿದೆ. ಆದರೆ ಈ ಹಕ್ಕು ವಿಶ್ವವಿದ್ಯಾಲಯದೊಳಗೆ ಕಾಲಿಡಲು ಮಾತ್ರ, ಕಂಪ್ಯೂಟರ್ ಸೈನ್ಸ್ ಅಥವಾ ಎಂಜಿನಿಯರಿಂಗ್ ವಿಭಾಗಕ್ಕಲ್ಲ. ಬೇರೆ ರಾಜ್ಯಗಳ ದೊಡ್ಡ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲೂ ಈ ವಿಭಾಗಗಳ ಪ್ರವೇಶ ಪ್ರತ್ಯೇಕವಾಗಿ, ಹೆಚ್ಚು ಬಿಗಿಯಾಗಿ ನಡೆಯುತ್ತದೆ. "ಈಗ ಬೇರೆ ವಿಷಯದಲ್ಲಿ ಸೇರಿಕೊ, ಆಮೇಲೆ ಬದಲಾಯಿಸಿಕೊ" ಎಂಬ ಸಲಹೆ ಹಳೆಯ ಕಾಲದ್ದು. ಒಳಗಿನ ವರ್ಗಾವಣೆಯ ನಿಯಮಗಳನ್ನು ಓದದೆ ಅದನ್ನು ನಂಬಬೇಡಿ.

ಖಚಿತವಾದವು ಸಿಕ್ಕ ಮೇಲೆ ಸಾಧ್ಯತೆ ಸಮಸಮವಾಗಿರುವ ನಾಲ್ಕೈದು, ಕೊನೆಗೆ ಕೈಚಾಚಿ ಹಿಡಿಯಬೇಕಾದ ಎರಡು ಮೂರು. ಒಟ್ಟು ಎಂಟರಿಂದ ಹತ್ತು ಸಾಕು. ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಹಾಕುವ ಜಾಲತಾಣವಾದ ಕಾಮನ್ ಆ್ಯಪ್‌ನಲ್ಲಿ 20 ಕಾಲೇಜುಗಳವರೆಗೆ ಅವಕಾಶವಿದೆ ಎಂದ ಮಾತ್ರಕ್ಕೆ ಇಪ್ಪತ್ತಕ್ಕೂ ಹಾಕಬೇಕಾಗಿಲ್ಲ, ಹಲವಕ್ಕೆ ಬೇರೆ ಬೇರೆ ಪ್ರಬಂಧಗಳಿರುವುದರಿಂದ ಹದಿನೈದನೆಯ ಅರ್ಜಿಯ ಹೊತ್ತಿಗೆ ಮಗು ಬರೆಯುವುದರಲ್ಲಿ ಸತ್ವ ಉಳಿದಿರುವುದಿಲ್ಲ. ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ಗಳಲ್ಲಿ ನೂರು ಮಂದಿ ಅರ್ಜಿ ಹಾಕಿದರೆ ಪ್ರವೇಶ ಸಿಗುವುದು ನಾಲ್ವರಿಗೆ ಆಸುಪಾಸು. ಅಂಥ ಹತ್ತು ಕಾಲೇಜುಗಳಿಗೆ ಅರ್ಜಿ ಹಾಕಿದರೆ ಒಂದಾದರೂ ಸಿಕ್ಕೀತು ಎಂಬ ಲೆಕ್ಕ ಲಾಟರಿಗೆ ಸರಿ, ಇಲ್ಲಿ ಅಲ್ಲ. ಅರ್ಜಿಯ ದೌರ್ಬಲ್ಯ ಒಂದು ಕಡೆ ಕಂಡಂತೆ ಉಳಿದ ಕಡೆಯೂ ಕಾಣುತ್ತದೆ.

ಕಾಲೇಜನ್ನು ಅಳೆಯಲು ನಾನು ಹೆಚ್ಚು ನೆಚ್ಚಿಕೊಂಡಿರುವ ಸಾಧನ ಕಾಮನ್ ಡೇಟಾ ಸೆಟ್. ಬಹುತೇಕ ಕಾಲೇಜುಗಳು ಪ್ರತಿವರ್ಷ ಒಂದೇ ನಮೂನೆಯಲ್ಲಿ ಪ್ರಕಟಿಸುವ ಈ ದಾಖಲೆಯ ಸಿ7 ವಿಭಾಗದಲ್ಲಿ ಅಂಕ, ಪ್ರಬಂಧ, ಶಿಫಾರಸು, ಸಂದರ್ಶನ, ಕುಟುಂಬದ ಹಿಂದಿನವರು ಅಲ್ಲಿ ಓದಿದ್ದು, ಅರ್ಜಿದಾರ ತೋರಿಸಿದ ಆಸಕ್ತಿ ಮೊದಲಾದ ಪ್ರತಿಯೊಂದಕ್ಕೂ ತಾವು ಎಷ್ಟು ಮಹತ್ವ ಕೊಡುತ್ತೇವೆಂದು ಕಾಲೇಜೇ ಗುರುತು ಹಾಕಿರುತ್ತದೆ. ಆಸಕ್ತಿಗೆ ಬೆಲೆ ಕೊಡುತ್ತೇವೆ ಎಂದಿದ್ದರೆ ಅವರ ಮಾಹಿತಿ ಸಭೆಗೆ ಹೋಗುವುದು, ಭೇಟಿಗೆ ಹೆಸರು ನೋಂದಾಯಿಸುವುದು ಉಪಯುಕ್ತ. ಪರಿಗಣಿಸುವುದಿಲ್ಲ ಎಂದಿದ್ದರೆ ಅದಕ್ಕಾಗಿ ವಿಮಾನದ ಟಿಕೆಟ್ ಕೊಳ್ಳುವ ಅವಶ್ಯಕತೆ ಇಲ್ಲ. ಎಚ್ ವಿಭಾಗದಲ್ಲಿ ಎಷ್ಟು ಮಂದಿಗೆ ನೆರವು ಸಿಕ್ಕಿತು, ಅಗತ್ಯವಿಲ್ಲದವರಿಗೂ ಮೆರಿಟ್ ನೆರವು ಸಿಗುತ್ತದೆಯೇ ಎಂಬುದಿದೆ. ಇದರ ಜೊತೆಗೆ ಶಿಕ್ಷಣ ಇಲಾಖೆಯ ಕಾಲೇಜ್ ಸ್ಕೋರ್‌ಕಾರ್ಡ್‌ನಲ್ಲಿ ಪದವಿ ಮುಗಿಸುವವರ ಪ್ರಮಾಣ, ಸಾಲ, ಆಮೇಲಿನ ಆದಾಯ ವಿಭಾಗವಾರು ಸಿಗುತ್ತವೆ.

ವೈದ್ಯಕೀಯಕ್ಕೆ ಹೋಗಬೇಕೆಂಬ ಮಕ್ಕಳ ಮನೆಯಲ್ಲಿ ಪದವಿಯನ್ನೂ ವೈದ್ಯಕೀಯವನ್ನೂ ಒಟ್ಟಿಗೆ ಕೊಡುವ ಬಿಎಸ್-ಎಂಡಿ ಸಂಯುಕ್ತ ಕಾರ್ಯಕ್ರಮಗಳ ಮಾತು ಬರುತ್ತದೆ. ಬ್ರೌನ್‌ನ ಎಂಟು ವರ್ಷದ ಕಾರ್ಯಕ್ರಮ ಅವುಗಳಲ್ಲಿ ಹೆಸರಾದದ್ದು. ಸೀಟುಗಳು ಬಹಳ ಕಡಿಮೆ, ಆದ್ದರಿಂದ ಇವನ್ನೆಲ್ಲ ಕೈಚಾಚುವ ಗುಂಪಿನಲ್ಲೇ ಎಣಿಸಿ. ಸಮುದಾಯ ಕಾಲೇಜನ್ನು ಅವಮಾನವೆಂದು ಭಾವಿಸುವುದನ್ನೂ ಬಿಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷ ಅಲ್ಲಿ ಓದಿ ನಿಗದಿತ ಜಿಪಿಎ ಮತ್ತು ಕೋರ್ಸುಗಳ ಷರತ್ತು ಪೂರೈಸಿದವರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್, ಅರ್ವೈನ್, ಸಾಂಟಾ ಬಾರ್ಬರಾ ಸೇರಿ ಆರು ಕ್ಯಾಂಪಸ್‌ಗಳು ಪ್ರವೇಶದ ಖಾತರಿ ಕೊಡುತ್ತವೆ, ಆದರೆ ಕೆಲವು ವಿಭಾಗಗಳು ಆ ಖಾತರಿಯ ಹೊರಗಿವೆ. ಪದವಿಪತ್ರದಲ್ಲಿ ಬರುವುದು ಕೊನೆಗೆ ಓದಿದ ವಿಶ್ವವಿದ್ಯಾಲಯದ ಹೆಸರೇ.

ಐದನೆಯ ಹಂತ: ಯಾವ ಸುತ್ತಿನಲ್ಲಿ ಅರ್ಜಿ

ಅರ್ಲಿ ಡಿಸಿಷನ್ ಎಂದರೆ ಬದ್ಧತೆ. ವಿದ್ಯಾರ್ಥಿ, ಪೋಷಕರು, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕುತ್ತಾರೆ, ಪ್ರವೇಶ ಸಿಕ್ಕರೆ ಉಳಿದ ಅರ್ಜಿಗಳನ್ನು ಹಿಂದೆಗೆದು ಅಲ್ಲಿಗೇ ಹೋಗಬೇಕು. ಕೊನೆಯ ದಿನ ಹೆಚ್ಚಾಗಿ ನವೆಂಬರ್ 1 ಅಥವಾ 15, ಫಲಿತಾಂಶ ಡಿಸೆಂಬರ್ ಮಧ್ಯಕ್ಕೆ. ಅರ್ಲಿ ಆ್ಯಕ್ಷನ್‌ನಲ್ಲಿ ಬೇಗ ಉತ್ತರ ಸಿಗುತ್ತದೆ, ಬದ್ಧತೆ ಇಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್ ಅನುಸರಿಸುವ ನಿರ್ಬಂಧಿತ ಕ್ರಮದಲ್ಲಿ ಬದ್ಧತೆ ಇಲ್ಲದಿದ್ದರೂ ಬೇರೆ ಖಾಸಗಿ ಕಾಲೇಜುಗಳಿಗೆ ಅದೇ ಸಮಯದಲ್ಲಿ ಮುಂಚಿತವಾಗಿ ಅರ್ಜಿ ಹಾಕುವಂತಿಲ್ಲ.

ಅರ್ಲಿ ಡಿಸಿಷನ್‌ನಲ್ಲಿ ಆಯ್ಕೆಯ ಪ್ರಮಾಣ ಹೆಚ್ಚಿರುವುದು ನಿಜ, ಆದರೆ ಆ ಗುಂಪಿನಲ್ಲಿ ಮೊದಲೇ ಆರಿಸಲಾದ ಕ್ರೀಡಾಪಟುಗಳೂ ಇರುತ್ತಾರೆ ಎಂಬುದನ್ನು ನೆನಪಿಡಿ. ಈ ಸುತ್ತಿನಲ್ಲಿ ಬೇರೆ ಕಾಲೇಜುಗಳ ನೆರವಿನೊಂದಿಗೆ ಹೋಲಿಸಿ ನೋಡುವ ಅವಕಾಶ ಇರುವುದಿಲ್ಲ. ನೆರವು ಸಾಲದಿದ್ದರೆ ಒಪ್ಪಂದದಿಂದ ಬಿಡುಗಡೆ ಕೇಳಬಹುದು, ಆದರೆ ಆ ಮಾರ್ಗ ಇದೆಯೆಂದು ಯೋಚಿಸದೆ ಸಹಿ ಹಾಕುವುದು ಸರಿಯಲ್ಲ. ಕ್ಯಾಲ್ಕ್ಯುಲೇಟರ್ ತೋರಿಸಿದ ಮೊತ್ತ ನಿಮ್ಮ ಅಂಕಿಯೊಳಗಿದ್ದು, ಮಗು ಬೇರೆಲ್ಲಿಗೂ ಹಂಬಲಿಸದಿದ್ದರೆ ಮಾತ್ರ ಈ ದಾರಿ. ಆದರೆ ನಿಮ್ಮ ರಾಜ್ಯದ ವಿಶ್ವವಿದ್ಯಾಲಯಕ್ಕೆ ಅರ್ಲಿ ಆ್ಯಕ್ಷನ್ ಇರುವ ಕಡೆಯೆಲ್ಲ ಖಂಡಿತ ಹಾಕಿ. ಡಿಸೆಂಬರ್‌ನಲ್ಲೋ ಜನವರಿಯಲ್ಲೋ ಬರುವ ಒಂದು ಹೌದು ಎಂಬ ಉತ್ತರ ಇಡೀ ಮನೆಯ ಉಸಿರನ್ನು ಹಗುರ ಮಾಡುತ್ತದೆ.

ಆರನೆಯ ಹಂತ: ಅರ್ಜಿ, ಪ್ರಬಂಧ, ಪತ್ರಗಳು

1975ರಲ್ಲಿ 15 ಖಾಸಗಿ ಕಾಲೇಜುಗಳಿಂದ ಶುರುವಾದ ಕಾಮನ್ ಆ್ಯಪ್‌ನಲ್ಲಿ ಈಗ ಸಾವಿರಕ್ಕೂ ಹೆಚ್ಚು ಸಂಸ್ಥೆಗಳಿವೆ. ಪ್ರತಿವರ್ಷ ಆಗಸ್ಟ್ 1ಕ್ಕೆ ಹೊಸ ಅರ್ಜಿ ತೆರೆಯುತ್ತದೆ. ಹತ್ತು ಚಟುವಟಿಕೆಗಳಿಗೆ ಜಾಗವಿದ್ದು ಪ್ರತಿಯೊಂದರ ವಿವರಣೆಗೆ 150 ಅಕ್ಷರಗಳ ಮಿತಿ ಇದೆ. ಇಷ್ಟು ಚಿಕ್ಕ ಜಾಗದಲ್ಲಿ "ಮಕ್ಕಳಿಗೆ ಗಣಿತ ಹೇಳಿಕೊಡುವ ಅವಕಾಶ ದೊರೆಯಿತು" ಎಂಬ ವಾಕ್ಯ ಹಿಡಿಸುವುದೂ ಇಲ್ಲ, ಏನನ್ನೂ ತಿಳಿಸುವುದೂ ಇಲ್ಲ. "ವಾರಕ್ಕೆ ಎರಡು ದಿನ ಆರನೆಯ ತರಗತಿಯ 9 ಮಕ್ಕಳಿಗೆ ಭಿನ್ನರಾಶಿ ಪಾಠ, ಅಭ್ಯಾಸ ಹಾಳೆಗಳ ತಯಾರಿ" ಎಂಬುದು ಕೆಲಸವನ್ನು ಕಣ್ಣಿಗೆ ಕಟ್ಟುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ತನ್ನದೇ ಅರ್ಜಿಯಿದೆ. ಎಂಟು ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿ ತಲಾ 350 ಪದಗಳೊಳಗೆ ನೇರವಾಗಿ ಉತ್ತರಿಸಬೇಕು, ಅಲ್ಲಿ ಅಲಂಕಾರಕ್ಕಿಂತ ವಿಷಯಕ್ಕೆ ಬೆಲೆ. ಸಲ್ಲಿಸಲು ನವೆಂಬರ್ ಕೊನೆಯ ಗಡುವು ಇದ್ದರೂ ಕೊನೆಯ ವಾರಕ್ಕೆ ಬಿಡಬೇಡಿ.

ಕಾಮನ್ ಆ್ಯಪ್‌ನ ಮುಖ್ಯ ಪ್ರಬಂಧ 250ರಿಂದ 650 ಪದ. ಕೊಟ್ಟಿರುವ ಏಳು ಪ್ರಶ್ನೆಗಳನ್ನು ಮೊದಲು ಓದದೆ, ಹನ್ನೊಂದನೆಯ ತರಗತಿ ಮುಗಿದ ಬೇಸಿಗೆಯಲ್ಲಿ ಮಗು ತನ್ನ ಜೀವನದ ಇಪ್ಪತ್ತು ಸಣ್ಣ ಘಟನೆಗಳನ್ನು ಒಂದೊಂದು ಸಾಲಿನಲ್ಲಿ ಬರೆದುಕೊಳ್ಳಲಿ. ಗೆದ್ದ ಪದಕಗಳು ಅಲ್ಲಿ ಬೇಕಿಲ್ಲ, ಅವು ಅರ್ಜಿಯ ಬೇರೆ ಕಡೆ ಇವೆ. ಇಂಗ್ಲಿಷ್ ಬಾರದ ಅಜ್ಜಿಯ ಪರವಾಗಿ ಔಷಧಿ ಅಂಗಡಿಗೆ ಫೋನು ಮಾಡಿ, ಅಜ್ಜಿಯ ನೋವನ್ನು ಇನ್ನೊಂದು ಭಾಷೆಗೆ ಹೇಗೆ ದಾಟಿಸುವುದೆಂದು ತಡವರಿಸಿದ ಮಧ್ಯಾಹ್ನ, ಮೂರು ಸಲ ಕುಸಿದ ಒಂದು ಯಂತ್ರವನ್ನು ನಾಲ್ಕನೆಯ ಸಲ ಬೇರೆ ರೀತಿ ಯೋಚಿಸಿ ನಿಲ್ಲಿಸಿದ ರಾತ್ರಿ, ಇಂಥವು ಸಾಕು. ಆ ಘಟನೆಯಲ್ಲಿ ಮಗು ಹೇಗೆ ಯೋಚಿಸಿತು ಎಂಬುದೇ ಪ್ರಬಂಧದ ತಿರುಳು. ಭಾರತ ಪ್ರವಾಸದಲ್ಲಿ ಬಡತನ ಕಂಡು ಕೃತಜ್ಞತೆ ಕಲಿತೆ ಎಂಬ ಪ್ರಬಂಧವನ್ನು ದಯವಿಟ್ಟು ಬಿಡಿ, ಅದರಲ್ಲಿ ನೋಡಲ್ಪಟ್ಟವರು ಮನುಷ್ಯರಾಗಿ ಕಾಣುವುದಿಲ್ಲ, ಬರೆದ ಮಗುವೂ ಕಾಣುವುದಿಲ್ಲ. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಜನಾಂಗವನ್ನು ಆಧಾರವಾಗಿಟ್ಟು ಪ್ರವೇಶ ಕೊಡುವುದನ್ನು ರದ್ದುಪಡಿಸಿದರೂ, ತನ್ನ ಹಿನ್ನೆಲೆ ತನ್ನ ಬದುಕನ್ನು ಹೇಗೆ ರೂಪಿಸಿತೆಂದು ವಿದ್ಯಾರ್ಥಿ ಬರೆಯುವುದಕ್ಕೆ ಅಡ್ಡಿಯಿಲ್ಲವೆಂದು ಆ ತೀರ್ಪೇ ಹೇಳಿದೆ. ಆದ್ದರಿಂದ ಭಾರತೀಯ ಹೆಸರು, ಕನ್ನಡದ ಮನೆ ಇವನ್ನು ಮುಚ್ಚಿಡಬೇಕೆಂಬ ಪಿಸುಮಾತಿಗೆ ಕಿವಿಗೊಡಬೇಡಿ.

ಪೋಷಕರು ಪ್ರಬಂಧವನ್ನು ಓದಬಹುದು, ತಿದ್ದಬಾರದು. ಓದಿದ ಮೇಲೆ "ಎಲ್ಲಿ ನೀನು ಸ್ಪಷ್ಟವಾಗಿ ಕಂಡೆ, ಎಲ್ಲಿ ಕಾಣಲಿಲ್ಲ" ಎಂಬುದನ್ನು ಮಾತ್ರ ಹೇಳಿ. ನಲವತ್ತೈದರ ಮ್ಯಾನೇಜರ್‌ನ ಭಾಷೆ ಹದಿನೇಳರ ಅರ್ಜಿಯಲ್ಲಿ ಎದ್ದು ಕಾಣುತ್ತದೆ. ಕೃತಕ ಬುದ್ಧಿಮತ್ತೆ ಬರೆದುಕೊಟ್ಟದ್ದನ್ನು ತನ್ನದೆಂದು ಸಲ್ಲಿಸುವುದನ್ನು ಕಾಮನ್ ಆ್ಯಪ್ 2023ರಿಂದ ವಂಚನೆಯ ವ್ಯಾಖ್ಯೆಯೊಳಗೇ ಸೇರಿಸಿದೆ.

ಶಿಫಾರಸು ಪತ್ರಗಳಿಗೆ ಹನ್ನೊಂದನೆಯ ತರಗತಿಯ ಇಬ್ಬರು ಶಿಕ್ಷಕರನ್ನು ಅದೇ ವರ್ಷದ ವಸಂತದಲ್ಲಿ ಮುಖತಃ ಕೇಳಿ. ಅತಿ ಹೆಚ್ಚು ಅಂಕ ಕೊಟ್ಟವರಿಗಿಂತ ಮಗುವನ್ನು ಚೆನ್ನಾಗಿ ಬಲ್ಲವರು ಮೇಲು. ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡುವ ಗುರುತನ್ನು ಅರ್ಜಿಯಲ್ಲಿ ಹಾಕಿ, ಹಾಗೆ ಮಾಡಿದರೆ ಪತ್ರಕ್ಕೆ ವಿಶ್ವಾಸಾರ್ಹತೆ ಬರುತ್ತದೆ.

ಏಳನೆಯ ಹಂತ: ನೆರವಿನ ಅರ್ಜಿಗಳು

ಫೆಡರಲ್ ನೆರವಿನ ಅರ್ಜಿಯಾದ ಫ್ಯಾಫ್ಸಾ ಹನ್ನೆರಡನೆಯ ತರಗತಿಯ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ. ವಿದ್ಯಾರ್ಥಿಗೂ ಪೋಷಕರಿಗೂ ಬೇರೆ ಬೇರೆ ಖಾತೆ ಬೇಕು, ಅದನ್ನು ಕೆಲವು ವಾರ ಮೊದಲೇ ಮಾಡಿಟ್ಟುಕೊಳ್ಳಿ. ಅದು ನೋಡುವುದು ಎರಡು ವರ್ಷ ಹಿಂದಿನ ಆದಾಯವನ್ನು: 2027ರ ಶರತ್ಕಾಲದಲ್ಲಿ ಕಾಲೇಜು ಸೇರುವವರಿಗೆ 2025ರ ತೆರಿಗೆ ವಿವರ. ಅಂದರೆ ಮಗು ಹತ್ತನೆಯ ತರಗತಿಯ ಮಧ್ಯದಲ್ಲಿರುವಾಗಲೇ ಲೆಕ್ಕದ ವರ್ಷ ಆರಂಭವಾಗಿರುತ್ತದೆ. ಪೋಷಕರ ಆಸ್ತಿಯಲ್ಲಿ ಹೆಚ್ಚೆಂದರೆ ಶೇ 5.64ರಷ್ಟನ್ನು, ಮಗುವಿನ ಹೆಸರಿನಲ್ಲಿರುವುದರಲ್ಲಿ ಶೇ 20ರಷ್ಟನ್ನು ಖರ್ಚಿಗೆ ಲಭ್ಯವೆಂದು ಎಣಿಸುತ್ತಾರೆ. ವಾಸದ ಮನೆ ಮತ್ತು ನಿವೃತ್ತಿ ಖಾತೆ ಫ್ಯಾಫ್ಸಾದಲ್ಲಿ ಲೆಕ್ಕಕ್ಕಿಲ್ಲ. 2024-25ರಿಂದ ಏಕಕಾಲಕ್ಕೆ ಕಾಲೇಜಿನಲ್ಲಿರುವ ಒಡಹುಟ್ಟಿದವರ ಸಂಖ್ಯೆಯನ್ನು ಸೂತ್ರದಿಂದ ಕೈಬಿಟ್ಟಿರುವುದು ಎರಡು ಮಕ್ಕಳ ಮನೆಗೆ ನಷ್ಟ. ಹಲವು ಖಾಸಗಿ ಕಾಲೇಜುಗಳು ಇದರ ಜೊತೆ ತಮ್ಮ ನೆರವಿಗೆಂದು ಇನ್ನೂ ವಿವರವಾದ ಅರ್ಜಿಯಾದ ಸಿಎಸ್‌ಎಸ್ ಪ್ರೊಫೈಲ್ ಕೇಳುತ್ತವೆ, ಅಲ್ಲಿ ಮನೆಯ ಮೌಲ್ಯವನ್ನೂ ಕೇಳುತ್ತಾರೆ. ಭಾರತದಲ್ಲಿರುವ ಆಸ್ತಿಯನ್ನು ಎರಡರಲ್ಲೂ ನಿಯಮದಂತೆ ತೋರಿಸಬೇಕು, ಊರಿನ ನಿವೇಶನ ಇವರಿಗೆ ಹೇಗೆ ಗೊತ್ತಾಗುತ್ತದೆ ಎಂದು ಬಿಡುವುದು ತಪ್ಪು ಮಾಹಿತಿ ಕೊಟ್ಟಂತೆ.

ವಿದ್ಯಾರ್ಥಿಯ ಹೆಸರಿನ ಫೆಡರಲ್ ಸಾಲ ಮೊದಲ ವರ್ಷ 5,500 ಡಾಲರ್, ಅವಲಂಬಿತರಿಗೆ ಇಡೀ ಪದವಿಗೆ ಒಟ್ಟು 31,000 ಡಾಲರ್ ಮಿತಿ. ಆ ಮಿತಿಯೊಳಗಿನ ಸಾಲವನ್ನು ಸಾಮಾನ್ಯ ಉದ್ಯೋಗದಿಂದ ತೀರಿಸಬಹುದು. ಅದಕ್ಕೂ ಮೀರಿ ಖಾಸಗಿ ಸಾಲಕ್ಕೆ ಪೋಷಕರು ಸಹಿ ಹಾಕಬೇಕಾಗಿ ಬಂದರೆ, ಆ ಕಾಲೇಜು ನಿಮ್ಮ ಕೈಗೆ ಮೀರಿದ್ದೆಂದೇ ನಾನು ಹೇಳುತ್ತೇನೆ.

ಎಂಟನೆಯ ಹಂತ: ಉತ್ತರಗಳು ಬಂದ ಮೇಲೆ

ಮಾರ್ಚ್ ಕೊನೆಗೆ ಬಹುತೇಕ ಉತ್ತರಗಳು ಬಂದಿರುತ್ತವೆ, ಮೇ 1 ಎಲ್ಲಿಗೆ ಸೇರುವುದೆಂದು ನೀವು ತಿಳಿಸಬೇಕಾದ ಕೊನೆಯ ದಿನ. ನೆರವಿನ ಪತ್ರಗಳನ್ನು ಪಕ್ಕಪಕ್ಕ ಇಟ್ಟು ಓದುವಾಗ ಒಂದು ಎಚ್ಚರ ಬೇಕು: ಅನೇಕ ಪತ್ರಗಳಲ್ಲಿ ಸಾಲವನ್ನೂ ಕ್ಯಾಂಪಸ್ ಕೆಲಸವನ್ನೂ ನೆರವಿನ ಒಟ್ಟು ಮೊತ್ತದೊಳಗೇ ಕೂಡಿಸಿರುತ್ತಾರೆ. ಬೋಧನೆ, ಶುಲ್ಕ, ವಸತಿ, ಊಟ, ಪುಸ್ತಕ, ಆರೋಗ್ಯ ವಿಮೆ, ಪ್ರಯಾಣ ಇಷ್ಟನ್ನೂ ಕೂಡಿ, ಅದರಿಂದ ಮರಳಿಸಬೇಕಾಗಿಲ್ಲದ ಅನುದಾನ ಮತ್ತು ವಿದ್ಯಾರ್ಥಿವೇತನವನ್ನು ಮಾತ್ರ ಕಳೆಯಿರಿ. ಉಳಿದದ್ದೇ ನಿಮ್ಮ ಖರ್ಚು. ವಿದ್ಯಾರ್ಥಿವೇತನ ನಾಲ್ಕೂ ವರ್ಷವೇ, ಉಳಿಸಿಕೊಳ್ಳಲು ಯಾವ ಜಿಪಿಎ ಬೇಕು ಎಂಬುದನ್ನು ಬರಹದಲ್ಲಿ ಪಡೆಯಿರಿ. ಲೆಕ್ಕದ ವರ್ಷದ ನಂತರ ಕೆಲಸ ಹೋಗಿದ್ದರೆ ಅಥವಾ ದೊಡ್ಡ ವೈದ್ಯಕೀಯ ಖರ್ಚು ಬಂದಿದ್ದರೆ ದಾಖಲೆಗಳೊಂದಿಗೆ ಮರುಪರಿಶೀಲನೆ ಕೇಳಲು ಸಂಕೋಚಪಡಬೇಡಿ, ನೆರವಿನ ಕಚೇರಿಗೆ ಅದನ್ನು ಬದಲಾಯಿಸುವ ಅಧಿಕಾರವಿದೆ.

ಅರ್ಲಿ ಸುತ್ತಿನಲ್ಲಿ ಮುಂದೂಡಿದ್ದರೆ ಅಥವಾ ಕಾಯುವ ಪಟ್ಟಿಗೆ ಹಾಕಿದ್ದರೆ, ಹೊಸ ಅಂಕ ಮತ್ತು ಹೊಸ ಸಂಗತಿಗಳಿರುವ ಒಂದು ಪುಟದ ಪತ್ರವನ್ನು ವಿದ್ಯಾರ್ಥಿಯೇ ಬರೆಯಲಿ, ಒಂದೇ ಸಲ. ಪೋಷಕರು ಕಚೇರಿಗೆ ಫೋನು ಮಾಡುವುದರಿಂದ ಏನೂ ಒದಗುವುದಿಲ್ಲ. ಕಾಯುವ ಪಟ್ಟಿಯಲ್ಲಿದ್ದರೂ ಮೇ 1ರೊಳಗೆ ಬೇರೊಂದು ಕಾಲೇಜಿಗೆ ಠೇವಣಿ ಕಟ್ಟಿರಬೇಕು, ಮತ್ತು ಒಂದಕ್ಕೆ ಮಾತ್ರ ಕಟ್ಟಬೇಕು. ನಿರಾಕರಣೆ ಬಂದ ಸಂಜೆ ಮಗುವಿಗೆ ಹೋಲಿಕೆಯ ಮಾತು ಬೇಡ. ಸಂಬಂಧಿಕರ ಗುಂಪಿನಲ್ಲಿ ಯಾರ ಮಗ ಎಲ್ಲಿಗೆ ಸೇರಿದ ಎಂಬ ಸಂದೇಶಗಳಿಗೆ ಆ ವಾರ ನೀವೇ ಉತ್ತರಿಸಿ, ಮಗುವಿನ ಫೋನಿಗೆ ದಾಟಿಸಬೇಡಿ.

ಠೇವಣಿ ಕಟ್ಟಿದ ಮೇಲೆ ಉಳಿದ ಕಾಲೇಜುಗಳಿಗೆ ಬರುವುದಿಲ್ಲವೆಂದು ತಿಳಿಸಿ, ಆ ಸೀಟಿಗಾಗಿ ಕಾಯುತ್ತಿರುವವರಿದ್ದಾರೆ. ಜೂನ್‌ನಲ್ಲಿ ಹೋಗುವ ಅಂತಿಮ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಅಂಕ ತೀರಾ ಕುಸಿದಿದ್ದರೆ ಪ್ರವೇಶವನ್ನು ಹಿಂದೆಗೆಯುವ ಹಕ್ಕು ಕಾಲೇಜಿಗಿದೆ, ಆದ್ದರಿಂದ ಕೊನೆಯ ಸೆಮಿಸ್ಟರ್ ಕೈಬಿಡುವಂತಿಲ್ಲ. ಬಾಲ್ಯದ ಲಸಿಕೆಗಳು ಭಾರತದಲ್ಲಿ ಆಗಿದ್ದರೆ ಆ ದಾಖಲೆಗಳನ್ನು ಈಗಲೇ ಹುಡುಕಿ ವೈದ್ಯರಿಂದ ಕಾಲೇಜಿನ ನಮೂನೆಗೆ ಬರೆಸಿಕೊಳ್ಳಿ, ಅದಿಲ್ಲದೆ ತರಗತಿಗೆ ನೋಂದಣಿ ತಡೆಹಿಡಿಯುವ ಕಾಲೇಜುಗಳಿವೆ. ಕಾಲೇಜು ಸೇರಿದ ಮೇಲೆ ಅಂಕ ಮತ್ತು ಶುಲ್ಕದ ಮಾಹಿತಿ ವಿದ್ಯಾರ್ಥಿಯ ಸ್ವತ್ತು, 18 ತುಂಬಿದ ಮೇಲೆ ಆರೋಗ್ಯದ ಮಾಹಿತಿಯೂ ಹಾಗೆಯೇ, ಮಗು ಒಪ್ಪಿಗೆ ಕೊಡದೆ ಕಚೇರಿಯವರು ನಿಮ್ಮೊಡನೆ ಮಾತಾಡಲಾರರು. ಹೊರಡುವ ಮೊದಲು ಈ ಒಪ್ಪಿಗೆ ಪತ್ರಗಳ ಬಗ್ಗೆ ಮಗುವಿನೊಡನೆ ಕುಳಿತು ಮಾತಾಡಿ, ಯಾವುದಕ್ಕೆ ಸಹಿ ಹಾಕಬೇಕೆಂಬುದನ್ನು ಅವರೇ ತೀರ್ಮಾನಿಸಲಿ.